ಬಿಳಿ ಬಿಟ್ಟ ಜಾಗ

ಊರಿನ ಚಿತ್ರಶಾಲೆಯ ಕೆಳ ಅಂತಸ್ತಿಗೆ ಬಂದವರು ನಿಂತು ನೋಡುತ್ತಿದ್ದರು; ಮೇಲಿನ ಅಂತಸ್ತಿಗೆ ಬಂದವರು ಶೌಚಾಲಯ ಎಲ್ಲಿದೆ ಎಂದು ಕೇಳುತ್ತಿದ್ದರು. ಕೆಳಗೆ ಆಳೆತ್ತರದ ತೈಲಚಿತ್ರಗಳಿದ್ದವು. ಸೇತುವೆ ಉದ್ಘಾಟಿಸುವ ನಾಯಕರು, ಕುಲುಮೆಯ ಮುಂದೆ ಬೆವರುವ ಕಾರ್ಮಿಕರು, ಹೊರೆ ಹೊತ್ತೂ ನಗುವ ಹೆಂಗಸರು. ಮೇಲೆ ಒಂದೇ ಕೋಣೆ. ಬಿಸಿಲು ಬಿದ್ದರೆ ಬಣ್ಣ ಹಾರಿಹೋಗುತ್ತದೆಂದು ಕಿಟಕಿಗೆ ದಪ್ಪ ಪರದೆ, ಮಂಕು ದೀಪ. ಗೋಡೆಯ ಮೇಲೆ ಅಂಗೈ ಅಗಲಿಸಿದರೆ ಮುಚ್ಚಿಹೋಗುವಂಥ ಸಣ್ಣ ಸಣ್ಣ ಕಾಗದಗಳಲ್ಲಿ ಜಲವರ್ಣಗಳು, ಎಲ್ಲವೂ ಒಬ್ಬರೇ ಚಿತ್ರಕಾರರು ಬರೆದವು. ಅವುಗಳಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ನಸುಗೆಂಪು ಹರಿದು ಬೂದುನೀಲಿಗೆ ಸೇರುತ್ತದೆ, ನೀಲಿ ಎಲ್ಲೋ ಮಡುಗಟ್ಟುತ್ತದೆ, ನಡುವೆ ಒಂದು ಕಡೆ ಕಾಗದ ಹಾಗೆಯೇ ಬೆಳ್ಳಗೆ ಉಳಿದಿರುತ್ತದೆ. ಪ್ರತಿಯೊಂದರ ಕೆಳಗೂ ಒಂದೇ ಬರಹ: ‘ಹೆಸರಿಲ್ಲದ್ದು. ಕಾಗದದ ಮೇಲೆ ಜಲವರ್ಣ.’

ಆ ಕೋಣೆ ಗೈಡಮ್ಮನದು. ಹೆಸರು ಬೇರೆ ಇದ್ದರೂ ಚಿತ್ರಶಾಲೆಯ ಕಾವಲುಗಾರರಿಂದ ಹಿಡಿದು ಎದುರಿನ ಚಹಾದಂಗಡಿಯವನವರೆಗೆ ಎಲ್ಲರಿಗೂ ಅವಳು ಗೈಡಮ್ಮ. ಗಟ್ಟಿ ದನಿ, ನೇರ ನಡಿಗೆ, ಮೂಗಿನ ತುದಿಗೆ ಇಳಿದ ಕನ್ನಡಕ. ಅವಳು ಮಾತು ಶುರು ಮಾಡಿದರೆ ಶೌಚಾಲಯ ಕೇಳಲು ಬಂದವರೂ ಅದನ್ನು ಮರೆತು ನಿಲ್ಲುತ್ತಿದ್ದರು. ಅವಳ ಗಂಡ ಬಸ್ ಡ್ರೈವರು. ಅವನಿಗೆ ಹೆಂಡತಿಯ ಕೆಲಸದ ಬಗ್ಗೆ ಹೆಮ್ಮೆ ಇತ್ತು, ಆದರೆ ಅದನ್ನು ನೇರವಾಗಿ ಹೇಳುವ ಜಾಯಮಾನ ಅವನದಲ್ಲ. ಆ ಚಿತ್ರಗಳಲ್ಲಿ ಏನೂ ಇಲ್ಲದ್ದಕ್ಕೇ ಅದನ್ನು ತುಂಬಲು ಇಷ್ಟು ಮಾತಾಡುವವಳು ಬೇಕಾಯಿತು ಎನ್ನುತ್ತಿದ್ದ.

ಈ ಕೆಲಸಕ್ಕೆ ಬರುವ ಮುನ್ನ ಅವಳು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ಒಂದೇ ಪಕ್ಷ ಆಳಿದ, ಸಭೆ ಸೇರಲು ಅನುಮತಿ ಬೇಕಾಗಿದ್ದ, ಪಕ್ಕದ ಮನೆಯವರೆದುರು ಬಾಯಿಬಿಡಲು ಹಿಂದೆಮುಂದೆ ನೋಡಬೇಕಾಗಿದ್ದ ಆ ಕಾಲವನ್ನು ಊರವರು ಬಿಗಿ ವರ್ಷಗಳು ಎನ್ನುತ್ತಿದ್ದರು. ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಸಣ್ಣ ಪ್ಯಾರಾ. ಅದನ್ನು ಸ್ವಲ್ಪ ಹಿಗ್ಗಿಸೋಣವೆಂದು ಅವಳು ತರಗತಿಯನ್ನು ಚಿತ್ರಶಾಲೆಗೆ ಕರೆತಂದಳು. ಕೆಳಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಮೇಲಿನ ಕೋಣೆಯಲ್ಲಿ ಒಬ್ಬ ಹುಡುಗಿ, ಇದು ಪಾತ್ರೆ ತೊಳೆದ ನೀರಿನ ಹಾಗಿದೆಯಲ್ಲ ಟೀಚರ್, ಇದನ್ನೇಕೆ ಗೋಡೆಗೆ ಹಾಕಿದ್ದಾರೆ ಎಂದಳು. ಉಳಿದವರು ಕಿಸಕ್ಕನೆ ನಕ್ಕರು. ಟೀಚರಮ್ಮ ಸುಮ್ಮನಿರಿ ಎಂದು ಗದರಿಸಿ ಹೊರಗೆ ಕರೆತಂದಳಾದರೂ, ಮಕ್ಕಳ ಪ್ರಶ್ನೆಗೆ ಗದರಿಕೆಯ ಉತ್ತರ ಕೊಟ್ಟೆನಲ್ಲ ಎಂಬುದನ್ನು ಅವಳು ಮರೆಯಲಿಲ್ಲ.

ಬಿಡುವ ಹೆಂಗಸಲ್ಲ ಅವಳು. ರಜೆ ಸಿಕ್ಕಾಗಲೆಲ್ಲ ಮೇಲಿನ ಕೋಣೆಗೆ ಬಂದು ಕೂತಳು. ಚಿತ್ರಶಾಲೆಯ ಹಿಂಬದಿಯಲ್ಲಿ ಹಳೆಯ ಕಾಗದ ದುರಸ್ತಿ ಮಾಡುವ ಒಬ್ಬಾಕೆ ಇದ್ದಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಟೀಚರಮ್ಮ ಅವಳ ಸ್ನೇಹ ಮಾಡಿಕೊಂಡು, ಕೊನೆಗೆ ಕುಂಚವನ್ನೂ ಹಿಡಿದಳು. ಮೊದಲ ದಿನ ಬಿಳಿ ಬಣ್ಣದ ಟ್ಯೂಬು ಎಲ್ಲಿ ಎಂದು ಕೇಳಿದ್ದಕ್ಕೆ ಅಕ್ಕ ನಕ್ಕಳು. ಜಲವರ್ಣದಲ್ಲಿ ಬಿಳಿ ಹಚ್ಚುವುದಿಲ್ಲ, ಬಿಡುತ್ತಾರೆ. ಬಿಳಿ ಬೇಕಾದ ಕಡೆ ಬಣ್ಣ ತಾಗದಂತೆ ಸುತ್ತಿಕೊಂಡು ಹೋಗಬೇಕು. ಒಮ್ಮೆ ತಾಗಿತೋ, ಹೋಯಿತು. ಟೀಚರಮ್ಮ ತಿಂಗಳುಗಟ್ಟಲೆ ಕಾಗದ ಹಾಳು ಮಾಡಿದಳು. ಕಲಾವಿದೆಯಾಗಲಿಲ್ಲ, ಆಗಬೇಕೆಂದೂ ಇರಲಿಲ್ಲ. ಆದರೆ ಆ ಚಿತ್ರಗಳ ಒಳಗೆ ಬಿಳಿ ಆಕಸ್ಮಿಕವಾಗಿ ಉಳಿದದ್ದಲ್ಲ ಎಂಬುದು ಕೈಗೆ ಗೊತ್ತಾಯಿತು. ಬೇರೆಲ್ಲ ಕಡೆ ಬಣ್ಣ ಬಣ್ಣಕ್ಕೆ ಮೆತ್ತಗೆ ಬೆರೆತಿದ್ದರೆ, ಆ ಬಿಳಿಯ ಅಂಚು ಮಾತ್ರ ಕತ್ತರಿಯಲ್ಲಿ ಕತ್ತರಿಸಿದಂತೆ ಚೂಪಾಗಿತ್ತು.

ಓದಿಕೊಂಡೂ ತಿಳಿದಳು. ಬಿಗಿ ವರ್ಷಗಳಲ್ಲಿ ಕಲಾ ಮಂಡಳಿ ಎಂಬುದೊಂದಿತ್ತು. ಜನಕ್ಕೆ ನೋಡಿದ ಕೂಡಲೇ ಅರ್ಥವಾಗುವ ಚಿತ್ರವನ್ನೇ ಬರೆಯಬೇಕೆಂದು ಅದರ ಕಟ್ಟಪ್ಪಣೆ. ತೈಲವರ್ಣ, ಕ್ಯಾನ್ವಾಸು ಎಲ್ಲ ಮಂಡಳಿಯ ಸದಸ್ಯರಿಗೆ ಮಾತ್ರ. ಅರ್ಥವಾಗದ್ದನ್ನು ಬರೆದವನು ಸೋಮಾರಿ, ಇಲ್ಲವೇ ಪರದೇಶದ ಏಜೆಂಟು. ಹೀಗಿದ್ದಾಗ ಮಂಡಳಿಯ ಹೊರಗಿದ್ದವನಿಗೆ ಉಳಿದದ್ದು ಜಲವರ್ಣ. ಅಡುಗೆಮನೆಯ ಮೇಜಿನ ಮೇಲೆ ಬರೆಯಬಹುದು, ಬೇಗ ಒಣಗುತ್ತದೆ, ಹಾಸಿಗೆಯಡಿ ಸೇರಿಸಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೆ ವಾಸನೆಯಿಲ್ಲ. ಟರ್ಪೆಂಟೈನಿನ ಘಾಟು ಮೂಗಿಗೆ ಬಡಿದು ನೆರೆಯವರು ದೂರು ಕೊಡುವಂತಿಲ್ಲ.

ಶಾಲೆಯಿಂದ ನಿವೃತ್ತಿಯಾದ ಮೇಲೆ ಚಿತ್ರಶಾಲೆಯವರು ಅವಳನ್ನು ಗೈಡಾಗಿ ಇಟ್ಟುಕೊಂಡರು. ಕೆಳಗಿನ ದೊಡ್ಡ ಚಿತ್ರಗಳಿಗೆ ಬೇರೆಯವರು ಇದ್ದರು. ಮೇಲಿನ ಕೋಣೆಯನ್ನು ಅವಳು ತಾನಾಗಿಯೇ ಕೇಳಿ ಪಡೆದಳು.

ಆ ಚಿತ್ರಗಳ ಬಗ್ಗೆ ಆಗ ಚಾಲ್ತಿಯಲ್ಲಿದ್ದದ್ದು ಒಬ್ಬ ದೊಡ್ಡ ವಿಮರ್ಶಕರ ಮಾತು. ಬಿಗಿ ವರ್ಷಗಳು ಮುಗಿದ ಹೊಸದರಲ್ಲಿ ಅವರು ಬರೆದಿದ್ದರು: ಇವು ರಾಜಕೀಯಕ್ಕೆ ಮೀರಿದ ಮೌನ, ಆ ಬಿಳಿ ಆತ್ಮದ ನಿರಾಳ. ಚಿತ್ರಶಾಲೆಯ ಪುಸ್ತಕದಲ್ಲೂ ಅದೇ ಅಚ್ಚಾಗಿತ್ತು. ಗೈಡಮ್ಮ ಮೊದಮೊದಲು ಅದನ್ನೇ ಒಪ್ಪಿಸುತ್ತಿದ್ದಳು. ಒಪ್ಪಿಸುವಾಗಲೆಲ್ಲ ಬಾಯಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ಅಷ್ಟು ನಿರಾಳವಾದ ಆತ್ಮಕ್ಕೆ ಅಷ್ಟು ಚೂಪು ಅಂಚೇಕೆ?

ಉತ್ತರ ಸಿಕ್ಕಿದ್ದು ಎಲ್ಲೋ ಅಲ್ಲ, ಭೂದಾಖಲೆ ಕಚೇರಿಯ ಮೊಗಸಾಲೆಯಲ್ಲಿ. ಪಕ್ಕದ ಮನೆಯವರು ಗೋಡೆ ಎಬ್ಬಿಸುವಾಗ ಒಂದು ಮೊಳ ಈಚೆಗೆ ಬಂದರೆಂದು ಗಂಡಹೆಂಡತಿ ಅಲ್ಲಿಗೆ ಹೋಗಿದ್ದರು. ಕಾಯುವ ಬೆಂಚಿನ ಎದುರು ಊರಿನ ಹಳೆಯ ನಕ್ಷೆಯೊಂದನ್ನು ಗಾಜು ಹಾಕಿ ತೂಗುಹಾಕಿದ್ದರು. ಕೈಯಲ್ಲೇ ಬಣ್ಣ ತುಂಬಿದ ನಕ್ಷೆ. ಮನೆಗಳಿಗೆ ನಸುಗೆಂಪು, ನೀರಿಗೆ ಬೂದುನೀಲಿ, ತೋಟಕ್ಕೆ ಹಸಿರು. ಬೇಜಾರಿಗೆ ಎದ್ದು ಹತ್ತಿರ ಹೋದ ಗೈಡಮ್ಮ ಅಲ್ಲೇ ನಿಂತುಬಿಟ್ಟಳು. ಅದು ಅದೇ ನಸುಗೆಂಪು. ಅದೇ ನೀಲಿ. ದಿನವೂ ಅವುಗಳ ಮುಂದೆ ನಿಲ್ಲುವವಳಿಗೆ ಗುರುತು ತಪ್ಪಲು ಸಾಧ್ಯವಿರಲಿಲ್ಲ.

ಅಭ್ಯಾಸಬಲದಿಂದ ತಾನು ಹುಟ್ಟಿದ ಬೀದಿಯನ್ನು ಹುಡುಕಿದಳು. ಕಾಲುವೆ ಸಿಕ್ಕಿತು, ಕಾಲುವೆಯ ಸೇತುವೆ ಸಿಕ್ಕಿತು, ಗಿರಣಿ ಸಿಕ್ಕಿತು. ಗಿರಣಿಯ ಹಿಂದೆ ಬಣ್ಣಗಾರರ ಬೀದಿಗಳಿರಬೇಕು. ಅಲ್ಲಿ ಏನೂ ಇರಲಿಲ್ಲ. ಹರಿದದ್ದಲ್ಲ, ಮಾಸಿದ್ದೂ ಅಲ್ಲ. ಸುತ್ತಲಿನ ನಸುಗೆಂಪು ಆ ಅಂಚಿನವರೆಗೆ ಬಂದು, ಮೂಲೆಗಳಲ್ಲಿ ಜಾಗರೂಕತೆಯಿಂದ ತಿರುಗಿ, ಒಳಗೆ ಕಾಲಿಡದೆ ಸುತ್ತಿಕೊಂಡು ಹೋಗಿತ್ತು. ಒಳಗೆ ಬರೀ ಕಾಗದ; ಅಂಚು ಮೇಲಿನ ಕೋಣೆಯ ಬಿಳಿಯಂತೆಯೇ ಚೂಪು.

ಬಣ್ಣಗಾರರ ಬೀದಿಗಳಲ್ಲಿ ನೂಲಿಗೂ ಬಟ್ಟೆಗೂ ಬಣ್ಣ ಹಾಕುವವರು ತಲೆತಲಾಂತರದಿಂದ ಇದ್ದರು. ಅವಳ ಅಪ್ಪನೂ ಅವರಲ್ಲೊಬ್ಬ. ಅವನ ಕೈ ಮೊಣಕೈವರೆಗೂ ನೀಲಿ. ಗಿರಣಿ ಮುಷ್ಕರಕ್ಕೆ ಆ ಬೀದಿಯವರು ಬೆಂಬಲ ಕೊಟ್ಟಿದ್ದರು. ಅವಳು ಇನ್ನೂ ಚಿಕ್ಕವಳಿದ್ದಾಗ, ಅಲ್ಲಿ ಕವಾಯತು ಮೈದಾನ ಆಗಬೇಕೆಂದು ಲಾರಿಗಳು ಬಂದವು. ಎಲ್ಲರನ್ನೂ ಊರಾಚೆಯ ಹೊಸ ವಠಾರಗಳಿಗೆ ಸಾಗಿಸಿದರು. ಅಲ್ಲಿ ಕಾಲುವೆ ಇರಲಿಲ್ಲ, ಹಾಗಾಗಿ ಬಣ್ಣದ ಕೆಲಸವೂ ಇಲ್ಲ. ಅಪ್ಪ ಗೋದಾಮಿನ ಕಾವಲು ಕಾದು ಜೀವನ ಕಳೆದ. ಅವನ ಕೈಯ ನೀಲಿ ಮಾಸಲು ವರ್ಷಗಳೇ ಹಿಡಿದವು.

ನಕ್ಷೆಯ ಮೂಲೆಯಲ್ಲಿ ಅಚ್ಚಾದ ಇಸವಿಯನ್ನು ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಲಾರಿಗಳು ಬರುವುದಕ್ಕೆ ಒಂದು ವರ್ಷ ಮೊದಲಿನದು. ಮನೆಗಳು ನಿಂತಿದ್ದಾಗಲೇ, ಒಲೆಗಳು ಉರಿಯುತ್ತಿದ್ದಾಗಲೇ, ನಕ್ಷೆಯಲ್ಲಿ ಅವು ಇರಲಿಲ್ಲ.

ಗಂಡ ಎರಡು ಸಲ ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಗೋಡೆಯ ವಿಚಾರ ಅವನೇ ನಿಭಾಯಿಸಿಕೊಂಡು ಬಂದ.

ಮೇಲಿನ ಕೋಣೆಯ ಚಿತ್ರಕಾರರು ಹಿಂದೆ ಸರ್ಕಾರಿ ನೌಕರರಾಗಿದ್ದರೆಂದು ಚಿತ್ರಶಾಲೆಯ ಪುಸ್ತಕದಲ್ಲಿ ಒಂದು ಸಾಲು ಇದ್ದದ್ದು ಅವಳಿಗೆ ನೆನಪಿತ್ತು. ವಿಚಾರಿಸಿದರೆ, ಹೌದು, ನಕ್ಷೆ ಕಚೇರಿಯಲ್ಲಿ ಬಣ್ಣ ತುಂಬುವ ಕೆಲಸ. ಮಾರನೆಯ ದಿನದಿಂದಲೇ ಗೈಡಮ್ಮನ ಮಾತಿನ ಧಾಟಿ ಬದಲಾಯಿತು. ಬಿಳಿಯನ್ನು ತೋರಿಸುವಳು, ನಕ್ಷೆಯ ಕಥೆ ಹೇಳುವಳು, ಕೊನೆಗೆ, ಈ ಮನುಷ್ಯ ಅಳಿಸಿಹಾಕಿದ ಬೀದಿಗಳನ್ನು ಯಾರಿಗೂ ತಿಳಿಯದಂತೆ ಚಿತ್ರದಲ್ಲಿ ಉಳಿಸಿದ, ಇದು ಮೌನ ಅಲ್ಲ, ಪ್ರತಿಭಟನೆ ಎಂದು ಮುಗಿಸುವಳು. ‘ಬಾಯಿ ಮುಚ್ಚಿಸಿದ್ರು, ಕೈ ಕಟ್ಟಿಹಾಕೋಕೆ ಆಗ್ಲಿಲ್ಲ’ ಎನ್ನುವಾಗ ಕೆಲವರ ಕಣ್ಣು ತುಂಬಿಕೊಳ್ಳುತ್ತಿತ್ತು. ಮೇಲಿನ ಕೋಣೆಗೆ ಜನ ಹೆಚ್ಚಿದರು. ಬಾಯಿಂದ ಬಾಯಿಗೆ ಮಾತು ಹರಡಿತು.

ಹರಡಿದ ಮಾತು ವಿಮರ್ಶಕರ ಕಡೆಯವರಿಗೂ ಮುಟ್ಟಿತು. ದೂರು ಬಂತು. ಚಿತ್ರಶಾಲೆಯ ನಿರ್ದೇಶಕರು ಗೈಡಮ್ಮನನ್ನು ಕರೆಸಿಕೊಂಡರು. ಅವಳಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವರು, ಸಭ್ಯ ಮನುಷ್ಯ. ಅವಳು ಕೂರುವವರೆಗೆ ತಾವು ಕೂರಲಿಲ್ಲ. ಅವಳ ಮಾತು ಸುಳ್ಳೆಂದು ಅವರು ಹೇಳಲಿಲ್ಲ. ಎರಡು ಬಣ್ಣ ಒಂದೇ ಅಂದಮಾತ್ರಕ್ಕೆ ಎರಡರ ಅರ್ಥವೂ ಒಂದೇ ಆಗುತ್ತದೆಯೇ ಎಂದಷ್ಟೇ ಕೇಳಿದರು.

“ಆ ಚಿತ್ರಕಾರರು ಇನ್ನೂ ಬದುಕಿದಾರೆ ಮೇಡಂ,” ಎಂದರು. “ಅವರನ್ನ ಒಂದು ಮಾತು ಕೇಳದೆ ಅವರ ಬಾಯಲ್ಲಿ ನಾವು ಮಾತಿಡೋದು ಸರಿಯಾ?”

ಕೇಳಿದ ಪ್ರಶ್ನೆ ನ್ಯಾಯವಾದದ್ದು. ಗೈಡಮ್ಮನಿಗೆ ಕೋಪ ಬರಲಿಲ್ಲ. ಇದು ತನಗೇಕೆ ಹೊಳೆಯಲಿಲ್ಲ ಎಂದು ಆಶ್ಚರ್ಯವಾಯಿತು. ಹೋಗಿ ಕೇಳಿಕೊಂಡು ಬರುತ್ತೇನೆ ಎಂದು ಎದ್ದಳು. ಅವರು ಯಾರೊಂದಿಗೂ ಮಾತಾಡುವುದಿಲ್ಲವಂತೆ ಎಂದು ನಿರ್ದೇಶಕರು ಎಚ್ಚರಿಸಿದರು. ನಾನು ಹೋದರೆ ಆಡುತ್ತಾರೆ ಎಂದಳು, ಅಡುಗೆಗೆ ಉಪ್ಪು ಸರಿಯಿದೆ ಎಂದು ಹೇಳುವಷ್ಟೇ ಸಲೀಸಾಗಿ.

ಚಿತ್ರಕಾರರು ಪಕ್ಕದ ಊರಿನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದರು. ಗಂಡನೂ ಜೊತೆಗೆ ಹೊರಟ. ದಾರಿಯುದ್ದಕ್ಕೂ ಅವನು, ಆ ಬಸ್ಸಿನ ಡ್ರೈವರು ಗೇರು ಹಾಕುವ ರೀತಿಗೆ ನರಳುತ್ತ, ಕಾಲಡಿ ಇಲ್ಲದ ಬ್ರೇಕನ್ನು ತುಳಿಯುತ್ತ ಕೂತಿದ್ದ. ಗೈಡಮ್ಮ ಕೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು.

ಎರಡನೆಯ ಮಹಡಿಯಲ್ಲಿ ಮನೆ. ತಂಗಿಯ ಮಗಳು ಬಾಗಿಲು ತೆರೆದು, ಮಾವ ಹೊರಗಿನವರೊಡನೆ ಮಾತಾಡುವುದಿಲ್ಲ ಎಂದೇ ಶುರು ಮಾಡಿದಳು. ಗೈಡಮ್ಮ ತಾನು ಪತ್ರಿಕೆಯವಳಲ್ಲ, ಮಾವನ ಚಿತ್ರಗಳ ಜೊತೆ ದಿನಾ ಇರುವವಳು, ಅವು ಕ್ಷೇಮವಾಗಿವೆ ಎಂದು ಹೇಳಿ ಹೋಗಲು ಬಂದೆ ಎಂದಳು. ಒಳಗಿನಿಂದ, ಬರಲಿ ಬಿಡು ಎಂಬ ತೆಳು ದನಿ ಕೇಳಿತು.

ಮುದುಕರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಕೈಗಳೆರಡೂ ಮಂಡಿಯ ಮೇಲೆ, ಬೆರಳುಗಳು ಸ್ವಲ್ಪ ನಡುಗುತ್ತಿದ್ದವು. ಬಣ್ಣ ಮಾಸಿದೆಯೇ ಎಂದು ಮೊದಲು ಕೇಳಿದ್ದು ಅವರೇ. ನಸುಗೆಂಪು ಸ್ವಲ್ಪ ಇಳಿದಿದೆ, ನೀಲಿ ಹಾಗೇ ಇದೆ ಎಂದಳು. ಅವರು ತಲೆಯಾಡಿಸಿದರು, ಆ ಕೆಂಪು ನೆಚ್ಚಿಕೊಳ್ಳುವಂಥದ್ದಲ್ಲ ಎಂದು ಆಗಲೇ ಗೊತ್ತಿತ್ತಂತೆ. ಮಾತು ಕುದುರಿತು. ಗೈಡಮ್ಮ ಸುತ್ತಿ ಬಳಸದೆ ನಕ್ಷೆಯನ್ನು ಕಂಡದ್ದು, ಬಿಳಿಯನ್ನು ಕಂಡದ್ದು, ತಾನು ಜನರಿಗೆ ಹೇಳುತ್ತಿರುವುದು ಎಲ್ಲವನ್ನೂ ಅವರ ಮುಂದಿಟ್ಟಳು.

ಮುದುಕರು ಕೊನೆಯವರೆಗೂ ಕೇಳಿಸಿಕೊಂಡರು.

“ಇಲ್ಲ ತಾಯಿ,” ಎಂದರು. “ನಾನು ಪ್ರತಿಭಟನೆ ಮಾಡ್ಲಿಲ್ಲ. ಸಂಬಳ ತಗೊಂಡು ಬಿಳಿ ಬಿಟ್ಟೆ. ಮನೆಗೆ ಬಂದು ಚಿತ್ರ ಬರೀತಿದ್ದಿದ್ದು ಕಚೇರೀನ ಮರೆಯೋಕೆ, ನೆನಪಿಡೋಕಲ್ಲ.”

ಗಂಡ ಹೆಂಡತಿಯ ಮುಖ ನೋಡಿದ. ಅವಳ ಮುಖ ಬಾಡುತ್ತದೆ ಎಂದುಕೊಂಡಿದ್ದ. ಅದು ಬಾಡಲಿಲ್ಲ. ಶಾಲೆಯಲ್ಲಿ ಮಗುವೊಂದು ತಾನು ನಿರೀಕ್ಷಿಸದ ಉತ್ತರ ಕೊಟ್ಟಾಗ ಮುಂದೆ ಬಾಗುತ್ತಿದ್ದಂತೆ ಅವಳು ಕುರ್ಚಿಯ ಅಂಚಿಗೆ ಸರಿದಳು.

“ಸರಿ ಸರ್. ಹಾಗಾದ್ರೆ ಬಿಳಿ ಯಾಕೆ ಬಿಟ್ರಿ? ಕಚೇರೀಲಿ ಅಲ್ಲ, ಮನೇಲಿ.”

ಅವರು ನಡುಗುವ ಬಲಗೈಯನ್ನು ಎತ್ತಿ, ಗಾಳಿಯಲ್ಲಿ ಕುಂಚ ಹಿಡಿದಂತೆ ಹಿಡಿದು, ಎಡದಿಂದ ಬಲಕ್ಕೆ ಎಳೆದು, ಏನನ್ನೋ ತಪ್ಪಿಸಿಕೊಂಡಂತೆ ಬಾಗಿಸಿ, ಮತ್ತೆ ಮುಂದಕ್ಕೆ ಒಯ್ದರು. ಆಮೇಲೆ ನಿಧಾನವಾಗಿ ಹೇಳಿದರು. ಅಪ್ಪಣೆ ಬಾಯಿಮಾತಿನಲ್ಲಿ ಬಂದಿತ್ತು. ಆ ತುಂಡಿಗೆ ಬಣ್ಣ ಬೇಡ ಎಂದಷ್ಟೇ. ಏಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬೀದಿಗಳಿಗೆ ಬಣ್ಣ ತುಂಬುವುದು ಸುಲಭ. ಬಿಡುವುದು ಕಷ್ಟ. ಹಲಗೆಯನ್ನು ಓರೆಯಾಗಿಟ್ಟು, ಬಣ್ಣದ ನೀರನ್ನು ಹನಿಗಟ್ಟಿಸಿ ಕೆಳಗೆ ಇಳಿಸಬೇಕು, ಅಂಚು ಒಣಗುವುದರೊಳಗೆ ಸುತ್ತಿ ಬರಬೇಕು, ಒಂದು ಉಸಿರು ತಡವಾದರೆ ಕಲೆ ನಿಂತುಬಿಡುತ್ತದೆ. ಆ ನಕ್ಷೆಯ ಪ್ರತಿಗಳನ್ನು ಅವರು ಒಂದರ ಮೇಲೊಂದು ಮಾಡಿದರು. ತಿಂಗಳಾನುಗಟ್ಟಲೆ ದಿನವಿಡೀ ಅದೇ ಕೆಲಸ.

“ಸುತ್ತಿಕೊಂಡು ಹೋಗೋದು ಕೈಗೆ ಹತ್ತಿಬಿಡ್ತು. ಮನೇಲಿ ಏನೋ ಬರೆಯೋಕೆ ಕೂತ್ರೆ ಕೈ ಒಂದು ಕಡೆ ಹೋಗೋದೇ ಇಲ್ಲ ಅಂತಿತ್ತು. ನೀವು ಹೇಳೋ ಅರ್ಥ ನಾನು ಇಟ್ಟಿದ್ದಲ್ಲ ತಾಯಿ. ಹಾಗಂತ ಅದು ಅಲ್ಲಿಲ್ಲ ಅಂತ ಹೇಳೋಕೂ ನನಗೆ ಧೈರ್ಯ ಇಲ್ಲ.”

ತಂಗಿಯ ಮಗಳು ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಗೈಡಮ್ಮ ಅಲ್ಲಿಯವರೆಗೆ ಹೇಳದ ಒಂದು ವಿಷಯವಿತ್ತು, ಈಗ ಹೇಳಿದಳು: ತಾನು ಹುಟ್ಟಿದ್ದು ಆ ಬೀದಿಯಲ್ಲಿ. ಅವರು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಅವರು ಕೇಳಿದ್ದು ಬೇರೆ.

“ಯಾವ ಮನೆ?”

ಕಾಲುವೆಯ ಕಡೆಯಿಂದ ಬಂದರೆ ಬಾವಿಯ ಪಕ್ಕದ್ದು ಎಂದಳು. ಅವರು ಕಣ್ಣು ಮುಚ್ಚಿದರು. ಅಲ್ಲಿ ಬೀದಿ ಎಡಕ್ಕೆ ಮುರಿಯುತ್ತದೆ, ಮನೆ ಉದ್ದಕ್ಕಿದೆ, ಹಿಂದೆ ಸಣ್ಣ ಅಂಗಳ ಎಂದರು. ಹಿಂದಿನ ನಕ್ಷೆಯಲ್ಲಿ ಅದಕ್ಕೆ ಬಣ್ಣ ತುಂಬಿದವರೂ ಅವರೇ. ಆ ಬೀದಿಗಳ ಪ್ರತಿ ಮೂಲೆಯೂ ಅವರಿಗೆ ಬಾಯಿಪಾಠವಿತ್ತು, ಆದರೆ ಒಂದು ದಿನವೂ ಅಲ್ಲಿ ಕಾಲಿಟ್ಟವರಲ್ಲ. ಹೇಗಿತ್ತು ಅಲ್ಲಿ ಎಂದು ಕೇಳಿದರು.

ಗೈಡಮ್ಮ ಹೇಳಿದಳು. ಬೀದಿಯ ಮಧ್ಯದ ಚರಂಡಿಯಲ್ಲಿ ಬೆಳಗ್ಗೆ ಹಳದಿ, ಮಧ್ಯಾಹ್ನ ಕೆಂಪು ನೀರು ಹರಿಯುತ್ತಿದ್ದದ್ದು. ಯಾರ ಮನೆಯಲ್ಲಿ ಇವತ್ತು ಯಾವ ಬಣ್ಣ ಎಂದು ಚರಂಡಿ ನೋಡಿಯೇ ಮಕ್ಕಳು ಹೇಳುತ್ತಿದ್ದದ್ದು. ಒಣಗಲು ಹಾಕಿದ ಬಟ್ಟೆಗಳ ಕೆಳಗೆ ಓಡಿದರೆ ಮುಖದ ಮೇಲೆ ಬೀಳುತ್ತಿದ್ದ ಹನಿ. ಒದ್ದೆ ನೂಲಿನ ಹುಳಿ ವಾಸನೆ. ಎರಡು ಬೀದಿಗಳ ನಡುವೆ ಹೊರಗಿನವರಿಗೆ ತಿಳಿಯದ ಒಂದು ಸಂದಿ; ಅದರಲ್ಲಿ ಅಡ್ಡಡ್ಡ ನಡೆದರಷ್ಟೇ ದಾಟಬಹುದು. ಆ ಸಂದಿ ನಕ್ಷೆಯಲ್ಲಿ ಇರಲಿಲ್ಲವಲ್ಲ ಎಂದರು ಮುದುಕರು, ಸ್ವಲ್ಪ ಚುಚ್ಚಿಸಿಕೊಂಡವರ ಹಾಗೆ. ನಿಮ್ಮ ಅಳತೆಯವರು ದಪ್ಪ ಇದ್ದಿರಬೇಕು ಸರ್ ಎಂದಳು. ಅವರು ನಕ್ಕರು. ಆ ನಗು ಕೇಳಿ ಅಡುಗೆಮನೆಯಿಂದ ತಂಗಿಯ ಮಗಳು ಹೊರಗೆ ಬಂದು ನೋಡಿದಳು.

ಹೊರಡುವಾಗ ಅವರು ಒಂದೇ ಮಾತು ಕೇಳಿಕೊಂಡರು. ಹೇಳುವುದಿದ್ದರೆ ಪೂರ್ತಿ ಹೇಳಬೇಕು. ತನ್ನ ತಲೆಗೆ ಪೇಟ ಸುತ್ತಬಾರದು.

ಹಿಂದಿರುಗುವ ಬಸ್ಸಿನಲ್ಲಿ ಗಂಡ ಡ್ರೈವರನ ಬಗ್ಗೆ ಏನೂ ಹೇಳಲಿಲ್ಲ. ಅರ್ಧ ದಾರಿ ಬಂದ ಮೇಲೆ, ಈಗ ಏನು ಮಾಡುತ್ತೀ, ಇಷ್ಟು ದಿನ ಹೇಳಿದ್ದೆಲ್ಲ ತಲೆಕೆಳಗಾಯಿತಲ್ಲ ಎಂದ.

“ತಲೆಕೆಳಗೆ ಆಗ್ಲಿಲ್ಲ ಕಣ್ರೀ,” ಎಂದಳು. “ಅರ್ಧ ಹೇಳ್ತಿದ್ದೆ. ಇನ್ನರ್ಧ ಸಿಕ್ತು.”

ಅವಳು ನಿರ್ದೇಶಕರ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ತನಗೆ ಅನುಕೂಲವಾದದ್ದನ್ನೂ, ಅಲ್ಲದ್ದನ್ನೂ. ನಿರ್ದೇಶಕರು ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದರು. ಹಾಗಾದರೆ ಪ್ರತಿಭಟನೆ ಎಂಬ ಮಾತನ್ನು ಕೈಬಿಡೋಣವೇ ಎಂದರು. ಬಿಡೋಣ, ಆದರೆ ಮೌನ ಎಂಬುದನ್ನೂ ಹಾಗೇ ಬಿಡುವಂತಿಲ್ಲ ಎಂದಳು. ಬಿಗಿ ವರ್ಷಗಳು ಮುಗಿದಾಗ ಊರಿನಲ್ಲಿ ಎಲ್ಲರಿಗೂ ಮರೆಯಬೇಕಾದದ್ದು ಏನಾದರೊಂದು ಇತ್ತು. ನೆರೆಯವರ ಮೇಲೆ ದೂರು ಕೊಟ್ಟವರಿಗೂ ಇತ್ತು, ಕೊಟ್ಟದ್ದನ್ನು ನೋಡಿ ಸುಮ್ಮನಿದ್ದವರಿಗೂ ಇತ್ತು. ಆಗ ಈ ಚಿತ್ರಗಳನ್ನು ರಾಜಕೀಯಕ್ಕೆ ಮೀರಿದವು ಎಂದದ್ದು ಎಲ್ಲರಿಗೂ ಹಿತವಾಯಿತು. ವಿಮರ್ಶಕರು ಸುಳ್ಳು ಬರೆಯಲಿಲ್ಲ. ಆ ಹೊತ್ತಿಗೆ ಊರಿಗೆ ಬೇಕಾದದ್ದನ್ನು ಚಿತ್ರದಲ್ಲಿ ಕಂಡರು. ತಾನೂ ಅಷ್ಟೇ. ತನ್ನ ಬೀದಿಗೆ ಒಬ್ಬ ವೀರ ಬೇಕಿತ್ತು, ಕಂಡಳು. ಚಿತ್ರ ಮಾತ್ರ ಇಬ್ಬರಿಗೂ ಪೂರ್ತಿ ಬಗ್ಗಲಿಲ್ಲ.

ನಿರ್ದೇಶಕರಿಗೆ ಈ ಮಾತು ಹಿಡಿಸಿತು. ಭೂದಾಖಲೆ ಕಚೇರಿಯಿಂದ ಆ ನಕ್ಷೆಯನ್ನು ಎರವಲು ತರಿಸಲು ಅವರೇ ಓಡಾಡಿದರು. ಇಲಾಖೆಯವರು ಅದೂ ಇದೂ ನೆಪ ಹೇಳಿದರು. ಅವರು ಅಷ್ಟೇ ಸಭ್ಯವಾಗಿ ಮತ್ತೆ ಮತ್ತೆ ಹೋಗಿ ಕೂತರು. ನಕ್ಷೆ ಮೇಲಿನ ಕೋಣೆಯ ಎದುರು ಗೋಡೆಗೆ ಬಂತು. ಒಂದು ಕಡೆ ನಿಂತರೆ ನಕ್ಷೆಯೂ ಚಿತ್ರಗಳೂ ಒಟ್ಟಿಗೆ ಕಾಣುತ್ತಿದ್ದವು. ವಿಮರ್ಶಕರ ಮಾತನ್ನು ತೆಗೆಯಲಿಲ್ಲ. ಅದರ ಪಕ್ಕದಲ್ಲೇ ಚಿತ್ರಕಾರರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿದರು, ಸಂಬಳ ತೆಗೆದುಕೊಂಡು ಬಿಳಿ ಬಿಟ್ಟೆ ಎಂಬುದನ್ನೂ ಸೇರಿಸಿ.

ಸುದ್ದಿ ಊರಾಚೆಯ ವಠಾರಗಳಿಗೆ ಮುಟ್ಟಿತು. ಬಣ್ಣಗಾರರ ಬೀದಿಯ ಹಳಬರು, ಅವರ ಮಕ್ಕಳು ಬರತೊಡಗಿದರು. ಕೆಲವರು ನಕ್ಷೆಯ ಮುಂದೆ ನಿಂತು ಯಾರ ಮನೆ ಎಲ್ಲಿತ್ತೆಂದು ವಾದಕ್ಕಿಳಿಯುತ್ತಿದ್ದರು. ಗಾಜು ಮುಟ್ಟಬೇಡಿ ಎಂದು ಕಾವಲುಗಾರ ಹೇಳಿ ಹೇಳಿ ಸುಸ್ತಾದ. ಹೀಗೆ ಬಂದವರಲ್ಲಿ ಒಬ್ಬ ಹಿರಿಯ ಬಣ್ಣಗಾರನಿದ್ದ, ಅವಳ ಅಪ್ಪನ ಜೊತೆ ಕೆಲಸ ಮಾಡಿದವನು. ಗೈಡಮ್ಮ ಹೇಳುವುದನ್ನೆಲ್ಲ ಕೈಕಟ್ಟಿಕೊಂಡು ಕೇಳಿ, ಗುಂಪು ಚದುರಿದ ಮೇಲೆ ಅವಳ ಹತ್ತಿರ ಬಂದ. ಮುಖ ಕೆಂಪಾಗಿತ್ತು.

“ನಮ್ಮನ್ನ ಒರೆಸಿಹಾಕಿದವನ ಚಿತ್ರಕ್ಕೆ ದೀಪ ಹಾಕಿ ತೋರಿಸ್ತೀಯಲ್ಲಮ್ಮ. ನಿಮ್ಮಪ್ಪ ಇದನ್ನ ನೋಡಿದ್ರೆ ಏನನ್ನೋನು?”

ಅಪ್ಪ ಏನನ್ನುತ್ತಿದ್ದ ಎಂಬುದು ಗೈಡಮ್ಮನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದನ್ನೇ ಹೇಳಿದಳು. ಆಮೇಲೆ, “ಇದನ್ನೂ ಇಳಿಸಿಬಿಟ್ರೆ, ನಮ್ಮ ಬೀದಿ ಇತ್ತು ಅನ್ನೋಕೆ ಈ ಊರಲ್ಲಿ ಬೇರೇನಿದೆ ದೊಡ್ಡಪ್ಪ?” ಎಂದಳು.

ಅವನು ಒಪ್ಪಿದ ಹಾಗೆ ಕಾಣಲಿಲ್ಲ. ಆದರೆ ಹೋಗಲೂ ಇಲ್ಲ. ಬೆಂಚಿನ ಮೇಲೆ ಕೂತ. ಮುಂದಿನ ಗುಂಪು ಬಂದು ಹೋಯಿತು, ಅವನು ಅಲ್ಲೇ ಇದ್ದ. ಒಂದು ಚಿತ್ರದ ಮುಂದೆ ನಿಂತು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವರಂತೆ ತಲೆಯನ್ನು ಆಚೀಚೆ ವಾಲಿಸಿ ನೋಡಿದ. ಬಾಗಿಲು ಹಾಕುವ ಹೊತ್ತಿಗೆ ಗೈಡಮ್ಮ ಪಕ್ಕಕ್ಕೆ ಬಂದಾಗ ನೀಲಿಯನ್ನು ತೋರಿಸಿ, ಇದನ್ನು ಮಡುಗಟ್ಟದಂತೆ ಇಳಿಸುವುದು ಸುಲಭವಲ್ಲ, ಇಲ್ಲಿ ಬೇಕೆಂದೇ ಮಡುಗಟ್ಟಲು ಬಿಟ್ಟಿದ್ದಾನೆ ಎಂದ. ಕೈ ಒಳ್ಳೆಯದು ಎಂದ. ಆಮೇಲೆ, ಮನುಷ್ಯ ಒಳ್ಳೆಯವನು ಎಂದು ಮಾತ್ರ ತನ್ನಿಂದ ಹೇಳಿಸಬೇಡ ಎಂದ. ಹೇಳಿಸುವುದಿಲ್ಲ ಎಂದಳು. ಮುಂದಿನ ವಾರ ಅವನು ತನ್ನ ತಮ್ಮಂದಿರನ್ನು ಕರೆದುಕೊಂಡು ಬಂದ. ಅವರು ಅವನಿಗಿಂತ ಜೋರಾಗಿ ಜಗಳವಾಡಿದರು.

ಚಿತ್ರಕಾರರು ಆ ಕೋಣೆಯನ್ನು ನೋಡಲು ಬರಲಿಲ್ಲ. ತಂಗಿಯ ಮಗಳು ಬಂದು ನೋಡಿದಳು, ಬರೆದದ್ದನ್ನೆಲ್ಲ ಓದಿದಳು, ಮಾವನಿಗೆ ಹೋಗಿ ಹೇಳಿದಳು. ಅವರು ಸರಿಯಿದೆ ಎಂದರಂತೆ. ಆ ಚಳಿಗಾಲದಲ್ಲಿ ತೀರಿಕೊಂಡರು. ಪತ್ರಿಕೆಗಳಲ್ಲಿ ಒಬ್ಬರು ಮೌನದ ಚಿತ್ರಕಾರ ಎಂದು ಬರೆದರು, ಇನ್ನೊಬ್ಬರು ಆಳುವವರ ಕೈಗೊಂಬೆ ಎಂದು ಬರೆದರು. ಗೈಡಮ್ಮ ಎರಡನ್ನೂ ಕತ್ತರಿಸಿ ಕೋಣೆಯ ಬಾಗಿಲ ಬಳಿ ಅಂಟಿಸಿದಳು. ಬಂದವರು ಓದಿ, ಒಳಗೆ ಹೋಗಿ, ತಾವೇ ತೀರ್ಮಾನಿಸಿಕೊಳ್ಳಲಿ ಎಂದು.

ಈಗ ಹೊಸ ಗೈಡುಗಳಿಗೆ ಕಲಿಸುವ ಕೆಲಸವೂ ಅವಳ ಪಾಲಿಗೆ ಬಂದಿದೆ. ಮೊದಲು ಜನರಿಗೆ ನೋಡಲು ಬಿಡಿ ಎನ್ನುತ್ತಾಳೆ. ಆಮೇಲೆ ಇತಿಹಾಸ ಹೇಳಿ, ಆಮೇಲೆ ಮತ್ತೆ ನೋಡಲು ಹೇಳಿ. ಎರಡನೆಯ ಸಲ ನೋಡಿದಾಗ ಅವರಿಗೆ ಚಿತ್ರದಲ್ಲಿ ಹೊಸದೇನೂ ಕಾಣದಿದ್ದರೆ ನೀವು ಹೇಳಿದ ಇತಿಹಾಸದಲ್ಲಿ ಏನೋ ಐಬಿದೆ ಎಂದು ತಿಳಿಯಿರಿ. ಮೊನ್ನೆ ಒಬ್ಬಳು ಎದ್ದುನಿಂತು, ಯಾರಾದರೂ ಒಂದೇ ಮಾತಿನಲ್ಲಿ ಹೇಳಿ ಎಂದರೆ ಈ ಚಿತ್ರಗಳ ಅರ್ಥ ಏನೆಂದು ಹೇಳಬೇಕು ಎಂದು ಕೇಳಿದಳು. ಒಂದೇ ಮಾತಿನಲ್ಲಿ ಕೇಳುವವರನ್ನು ಕೆಳಗಿನ ಅಂತಸ್ತಿಗೆ ಕಳಿಸು ಎಂದು ಗೈಡಮ್ಮ ಹೇಳಿದಳು. ಎಲ್ಲರೂ ನಕ್ಕರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಶಾಲೆಯ ಮಕ್ಕಳ ಗದ್ದಲ ಕೇಳಿಸಿತು. ಅವಳು ಕನ್ನಡಕ ಒರೆಸಿಕೊಂಡು, ಹೊಸಬಳ ಭುಜ ತಟ್ಟಿ, ಈ ಗುಂಪು ನಿನ್ನದು ಎಂದು ಹೇಳಿ ಹಿಂದಿನ ಸಾಲಿಗೆ ಹೋಗಿ ನಿಂತಳು.